ಕೂಟದ ಫಸ್ಟ್ ಲೇಡಿ

...ಬೇಡ ವೇದಾವತಿ, ಟೀ ಇಡಬೇಡ. ನಿನ್ನ ಮನೆ ಕೆಳಗಿನ ಸ್ವೀಟ್ ಅಂಗಡಿಯ ಕರಿದೆಣ್ಣೆ ವಾಸನೆ, ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಸೆರಗು ಹಿಡ್ಕೊಂಡೆ. ಈ ಹ್ಯಾರಿಸ್ ಪಾರ್ಕ್ ಬಡಾವಣೇಲಿ ಹೆಂಗಿರ್ತೀರೋ ತಾಯಿ. ಕೂತ್ಕೋ. ನಿನ್ನ ತಂಗಿ ತೇಜಸ್ವಿನಿ ಆ ರೂಮಿನಿಂದ ಈಚೆ ಬರೋದಿಲ್ಲ ಅಂದ್ರೆ ಬೇಡ, ಅಕ್ಕ ಅಂತ ನೀನಾದ್ರೂ ಕೇಳು. ಮೆಲ್ಬರ್ನಿಂದ ವಿಮಾನದಲ್ಲಿ ಮೊಣಕಾಲು ಮಡಚ್ಕೊಂಡು ಬಂದಿದೀನಿ, ಸೊಸೇನ ಕರ್ಕೊಂಡು ಹೋಗೋದಕ್ಕೆ. ಯಾವ ಅತ್ತೆ ಬರ್ತಾಳೆ ಹೇಳು.

ಶನಿವಾರ ರಾಜ್ಯೋತ್ಸವ. ನನ್ನ ಮಗ ಇಂದ್ರೇಶ ಕನ್ನಡ ಕೂಟದ ಪ್ರೆಸಿಡೆಂಟು. ದೀಪ ಹಚ್ಚೋಕೆ ಗಂಡ ಹೆಂಡತಿ ಜೋಡಿಯಾಗೇ ನಿಲ್ಲಬೇಕು, ನಮ್ಮ ಕೂಟದಲ್ಲಿ ಮೊದಲಿಂದ ಹಂಗೇ. ಅವನೊಬ್ಬನೇ ನಿಂತ್ರೆ ಕೂಟದ ಹೆಂಗಸರು ಸುಮ್ನಿರ್ತಾರಾ? ಕ್ಲೈಡ್ ನಾರ್ತ್ ಕಡೆಯ ಅನಸೂಯಾ ಒಬ್ಬಳು ಸಾಕು. ಅವಳ ಗಂಡ ಇಂದ್ರೇಶನ ಕುರ್ಚಿ ಮೇಲೆ ಕಣ್ಣಿಟ್ಟಿದಾನೆ. ಪಲ್ಯ ಬಡಿಸೋವಾಗ "ಫಸ್ಟ್ ಲೇಡಿ ಎಲ್ಲಿ?" ಅಂತ ಶುರು ಮಾಡಿದ್ರೆ, ಪಾಯಸ ಬರೋದ್ರೊಳಗೆ ನಿನ್ನ ತಂಗೀನ ಯಾರ ಜೊತೆಗೋ ಓಡಿಸಿಬಿಟ್ಟಿರ್ತಾಳೆ.

ಯಾಕೆ ನಗ್ತೀಯ? ಹೌದು, ನಾನೂ ಎಷ್ಟು ಜನರನ್ನ ಓಡಿಸಿದೀನಿ ಅಲ್ಲಿ ಕೂತ್ಕೊಂಡು. ಅದಕ್ಕೇ ಗೊತ್ತು.

ಫಸ್ಟ್ ಲೇಡಿ ಅಂತೆ. ಥೂ. ಅದೂ ಒಂದು ಬಾಳಾ? ಸ್ಟೇಜಿನ ಪರದೆಗೆ ಒಪ್ಪೋ ಸೀರೆ ಉಡಬೇಕು, ಹಾರ ಹಿಡ್ಕೊಂಡು ನಿಲ್ಲಬೇಕು, ಕಂಡೋರಿಗೆಲ್ಲ ಹಲ್ಲು ಕಿರಿಯಬೇಕು. ಬೆಂಗಳೂರಿಂದ ಬರೋ ಕಲಾವಿದರನ್ನ ಹೋಟೆಲಲ್ಲಿ ಇಳಿಸೋ ಹಾಗಿಲ್ಲ. ಪ್ರೆಸಿಡೆಂಟರ ಮನೇಲೇ ಹಾಸಿಗೆ, ಪ್ರೆಸಿಡೆಂಟರ ಹೆಂಡತೀನೇ ಮುದ್ದೆ ತಿರುವಬೇಕು. ಒಬ್ಬರಿಗೆ ಬೆಳ್ಳುಳ್ಳಿ ಆಗಲ್ಲ, ಇನ್ನೊಬ್ಬರಿಗೆ ಬೆಳ್ಳುಳ್ಳಿ ಇಲ್ದಿದ್ರೆ ಇಳಿಯಲ್ಲ. ಒಬ್ಬ ಮಿಮಿಕ್ರಿಯವನು ನಮ್ಮ ಗ್ಲೆನ್ ವೇವರ್ಲಿ ಮನೆ ಬಚ್ಚಲಲ್ಲೇ ತಲೆಗೆ ಬಣ್ಣ ಹಚ್ಕೊಂಡು, ಬಿಳಿ ಟವೆಲ್ಲೆಲ್ಲ ಕರ್ರಗೆ ಮಾಡಿ ಹೋದ. ಹೇಸಿಗೆ. ತೇಜಸ್ವಿನಿ ಒಗೆದಳಪ್ಪ, ಇಲ್ಲ ಅನ್ನಲ್ಲ.

ಆದ್ರೆ ದಸರಾ ಕಾರ್ಯಕ್ರಮಕ್ಕೆ ಬಂದಿದ್ದನಲ್ಲ, ಭಾವಗೀತೆ ಹಾಡೋನು, ಸಂಪತ್... ಅವನು ಹೋದ ಮಾರನೇ ದಿನವೇ ಇವಳು ಬ್ಯಾಗ್ ಎತ್ಕೊಂಡು ಇಲ್ಲಿಗೆ ಬಂದ್ರೆ ಜನ ಏನಂತಾರೆ? ಅವನೋ, ಮೈಕ್ ಹಿಡಿದ್ರೆ ದೇವರು, ಊಟಕ್ಕೆ ಕೂತ್ರೆ ಕಣ್ಣು ತಟ್ಟೆ ಮೇಲಿರ್ತಿರಲಿಲ್ಲ. "ಮೇಡಂ, ನಿಮ್ಮ ಕೈರುಚಿ, ನಿಮ್ಮ ಕೈರುಚಿ" ಅಂತ ಜೊಲ್ಲು ಸುರಿಸ್ಕೊಂಡು. ಮೀಸೆಗೆಲ್ಲ ಸಾರು. ಇವಳೂ ನಗ್ತಿದ್ದಳು. ನಗಲೇಬೇಕಲ್ಲ, ಪ್ರೆಸಿಡೆಂಟರ ಹೆಂಡತಿ. ಈಗ ಅಡುಗೆಮನೇಲಿ ಕೈ ಹಿಡಿದ ಅಂತಾಳಂತೆ. ಇಂದ್ರೇಶನಿಗೆ ಮೆಸೇಜ್ ಹಾಕಿದಾಳೆ, ಅಷ್ಟೇ, ಒಂದು ಸಾಲು. ನನಗೇನು ಗೊತ್ತು? ನಾನು ತಲೆನೋವು ಅಂತ ಮೇಲೆ ಮಲಗಿದ್ದೆ.

ಆ ರೂಮಿನ ಬಾಗಿಲು ಯಾಕೆ ನೋಡ್ತೀಯ ವೇದಾವತಿ? ಇಲ್ಲಿ, ನನ್ನ ಕಡೆ ನೋಡು.

ಅಲ್ಲ, ಕೈ ಹಿಡಿದಿದ್ದಕ್ಕೆಲ್ಲ ಸಂಸಾರ ಬಿಟ್ಟು ಬರ್ತಾರಾ? ಕೈಲಿ ಸೌಟಿತ್ತು, ಮುಖಕ್ಕೆ ಬಾರಿಸಬೇಕಿತ್ತು. ಅದು ಬಿಟ್ಟು ಸಿಂಕಿಗೆ ಅಂಟ್ಕೊಂಡು, ಕತ್ತು ಆ ಕಡೆ ತಿರುಗಿಸ್ಕೊಂಡು, "ಅತ್ತೆ... ಅತ್ತೆ..." ಅಂತ ಅಷ್ಟು ಸಣ್ಣ ದನೀಲಿ... ಹಾಲ್ ತುಂಬ ಕಮಿಟಿಯವರು ಕೂತಿದಾರೆ. ಅನಸೂಯಾ ಖಾಲಿ ಲೋಟ ಹಿಡ್ಕೊಂಡು ಅಡುಗೆಮನೆ ಕಡೆಗೇ ಎದ್ದು ಬರ್ತಿದಾಳೆ. ಅವಳು ಅದನ್ನ ನೋಡಿದ್ರೆ ಮುಗೀತಲ್ಲ ನಮ್ಮ ಮನೆ ಕತೆ? ಯಾರಾದ್ರೂ ಅಡುಗೆಮನೆ ಬಾಗಿಲು ಹೊರಗಿಂದ ಎಳ್ಕೊಳ್ಳಲೇಬೇಕಿತ್ತು.

...ತೇಜಸ್ವಿನೀನೇ ಹೇಳಿದ್ದು ಇದೆಲ್ಲ. ನನಗೆ. ಫೋನಲ್ಲಿ.

ಇಲ್ಲ, ಅವಳು ನನ್ನ ಫೋನ್ ಎತ್ತೇ ಇಲ್ಲ. ನಿನಗೆ ಗೊತ್ತಿರುತ್ತೆ. ಹಂಗಾದ್ರೆ ಇಂದ್ರೇಶ ಹೇಳಿರಬೇಕು... ಹಂಗೆ ನೋಡಬೇಡಮ್ಮ.

ನನ್ನ ಬ್ಯಾಗ್ ಯಾಕೆ ಎತ್ಕೊಡ್ತಿದೀಯ? ಮೊದಲು ಅವಳನ್ನ ಕರಿ.

ಬಾಗಿಲು ಎಳ್ಕೊಂಡಿದ್ದು ಯಾರು ಅಂತ ನೀನು ಕೇಳಬೇಕಿತ್ತಲ್ಲ, ವೇದಾವತಿ. ಯಾಕೆ ಕೇಳಲಿಲ್ಲ?