ಕಾಂಪೌಂಡಿನಾಚೆ ಆದದ್ದು

ಬೀರೂರಲ್ಲಿ ಕೂತು ತರೀಕೆರೆಯ ಪಿಸುಮಾತು ಕೇಳಿಸಿಕೊಳ್ಳೋ ಕಿವಿ ನನ್ನದು; ಸ್ಟೇಷನ್ನಿನಲ್ಲಿ ಪಕ್ಕದ ಬೆಂಚಿನ ಕಾಲೇಜು ಹುಡುಗಿಯರ ಮಾತು ತಪ್ಪಿಸಿಕೊಳ್ಳುತ್ತಾ?

“ಕಂಪ್ಲೇಂಟ್ ಕೊಟ್ಯಲ್ಲ ಮಹೆಕ್, ಕಾಲೇಜು ಕಮಿಟಿಯೋರು ಏನಂದ್ರೇ?”

“ದುಪಟ್ಟಾ ಎಳೆದಿದ್ದು ಕಾಂಪೌಂಡಿನೊಳಗೋ ಹೊರಗೋ ಅಂದ್ರು.”

“ರೈಲಲ್ಲಿ ಅಂದ್ಯಾ?”

“ಅಂದೆ. ಹಂಗಾದ್ರೆ ನಮ್ಮ ರೂಲ್ಸಿಗೆ ಬರಲ್ಲಮ್ಮ ಅಂದ್ರು.”

“ಅವನೂ ನಮ್ಮ ಕ್ಲಾಸಿನವನೇ ಅಲ್ವೇನೇ!”

“ರೈಲಲ್ಲಿ ಅವನು ಬರೀ ಪ್ಯಾಸೆಂಜರ್ ಅಂತೆ ಕಣೇ ಮಾನಸ.”

“ಪೊಲೀಸ್‌ಗೆ ಹೇಳೋಣ್ವಾ?”

“ಅಬ್ಬಾಗೆ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ.”

ರೈಲು ಬಂತು. ಇಡೀ ಕಡೂರು ತಾಲ್ಲೂಕೇ ಒಳಗೆ ನುಗ್ಗಿದರೂ ಅವರಿಬ್ಬರೂ ಏಳಲಿಲ್ಲ. ಬಾಗಿಲಲ್ಲಿದ್ದ ಹುಡುಗನೊಬ್ಬ ಕೂಗಿದ: “ಮಹೆಕ್, ಸೀಟು ಹಿಡಿದಿದ್ದೀನಿ, ಬಾರೇ!”

ಮಹೆಕ್ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ರೈಲು ಹೊರಟಿತು.

“ಬಸ್ಸಿಗೆ ಹೋದ್ರೆ ಮೊದಲ್ನೇ ಕ್ಲಾಸು ತಪ್ಪುತ್ತೆ ಕಣೇ ಮಹೆಕ್.”

“ಆಬ್ಸೆಂಟ್ ಹಾಕ್ಕೊಳ್ಳಲಿ. ಅದಕ್ಕಾದ್ರೂ ರೂಲ್ಸ್ ಇದೆ.”

ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.