ಸೆನ್ಸರ್ ಎಲೆಗೆ ಹಾಕಿದ ಕವರು

ಹೊಸೂರು ಬಸ್ ನಿಲ್ದಾಣದಲ್ಲಿ ಕೃಷ್ಣಗಿರಿ ಬಸ್ಸಿಗೆ ಕಾಯುತ್ತ ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಮುದುಕರು ಮತ್ತು ಫ್ಯಾಕ್ಟರಿ ಸಮವಸ್ತ್ರದಲ್ಲಿದ್ದ ಅವರ ಮಗ. ಅವರ ಮಾತಿಗೆ ನನ್ನ ಸಾಲು ತಪ್ಪಿತು.

“ಯುವರಾಜ, ಗುಲಾಬಿ ಕಡ್ಡಿ ನೆಟ್ಟಿರೋ ಶೆಡ್ಡಲ್ಲಿ ಬೆಳಗಿಂದ ಮಂಜಿನಂಗೆ ನೀರು ಚಿಮ್ತಾನೇ ಐತೆ ಕಣ್ಲಾ. ನಿಲ್ತಾನೇ ಇಲ್ಲ.”

“ಅಯ್ಯೋ, ಬೇರು ಬರೋಕ್ ಮುಂಚೆ ಕಡ್ಡಿ ಎಲ್ಲಾ ಕೊಳ್ತೋಯ್ತವೆ! ಮಧ್ಯದಾಗೆ ನೀರಿನ ಮಿಷನ್ನಿಗೆ ಅಂತ ನಾನು ನಿಲ್ಸಿದ್ದ ಸೆನ್ಸರ್ ಎಲೆ ಮುಟ್ಟಿದ್ಯಾ?”

“ನಾನ್ಯಾಕ್ಲಾ ಮುಟ್ಲಿ? ನೆನೆದ್ರೆ ಕೆಟ್ಟೋಯ್ತದೆ ಅಂತ ಪ್ಲಾಸ್ಟಿಕ್ ಕವರ್ ಕಟ್ಟಿದೀನಿ, ಅಷ್ಟೇ.”

“ಅಪ್ಪಾ, ಅದು ನೆನೀಬೇಕು! ಅದು ನೆನೆದ್ರೆ ನೀರು ನಿಲ್ತದೆ, ಒಣಗಿದ್ರೆ ಚಿಮ್ತದೆ.”

“ಸುತ್ತ ಅಷ್ಟೊಂದು ಎಲೆ ತೊಪ್ಪೆಯಾಗವೆ. ಅವನ್ನ ನೋಡಿ ತಿಳ್ಕಳಾಕಾಗಲ್ವಾ ಅದಕ್ಕೆ?”

“ಅದಕ್ಕೇನ್ ಕಣ್ಣೈತಾ?”

ಮಗ ಮನೆಗೆ ಫೋನ್ ಮಾಡಿದ.

“ಅಮ್ಮಾ, ಆ ಎಲೆ ಕವರ್ ಬಿಚ್ಚು. ಬಿಚ್ಚಿದ್ಯಾ? ಮತ್ಯಾಕೆ ಇನ್ನೂ ನಿಂತಿಲ್ಲ? ಏನು, ಸೆರಗಲ್ಲಿ ಒರೆಸ್ತಾ ಇದ್ದೀಯಾ? ಒರೆಸ್ಬೇಡಮ್ಮಾ, ಅದ್ರ ಪಾಡಿಗೆ ಬುಟ್ಬುಡು!”

ಮುದುಕರೂ ಫೋನಿನ ಹತ್ತಿರ ಕಿವಿ ಒಡ್ಡಿದರು.

“ನಿಂತೋಯ್ತಂತೆ,” ಎಂದ ಮಗ. “ಕಡ್ಡಿ ಬುಡ ಇನ್ನೂ ಹಸ್ರಾಗೇ ಐತಂತೆ. ಬದುಕ್ಕೊಂಡ್ವು.”

ಬಾಗಲೂರು ಬಸ್ಸು ಬಂತು. ಮುದುಕರು ಮೆಟ್ಟಿಲ ಮೇಲೆ ನಿಂತು, ಹಿಂದಿದ್ದ ಮಗನತ್ತ ತಿರುಗಿದರು.

“ನಾನು ಹೇಳ್ಲಿಲ್ವಾ? ಒಸಿ ನೆನೀತು, ಕೆಟ್ಟು ನಿಂತ್ಕೊಂಡೇಬುಡ್ತು!”