ಕ್ಯಾಮೆರಾ ಇಲ್ಲದೆ ಬಂದ ತಂಗಿ

ಕೊರಿಯಾ ದೇಶದ ಒಂದು ಬಂದರಿನ ಊರಲ್ಲಿ ಅಕ್ಕತಂಗಿ ಇಬ್ಬರಿದ್ದರು. ತಂಗಿ ಸಿನಿಮಾ ನಿರ್ದೇಶಕಿ. ನಗಬೇಡಿ. ಪ್ರತಿ ಸಲವೂ 'ಒಬ್ಬ ಶ್ರೀಮಂತ ಇದ್ದ' ಎಂದೇ ಶುರು ಮಾಡಿದರೆ ನಿಮಗೂ ಬೇಜಾರು, ಆ ಶ್ರೀಮಂತನಿಗೂ ಬೇಜಾರು. ಕೊರಿಯಾ ಎಂದ ಕೂಡಲೇ ಹಿಂದಿನ ಸಾಲಿನ ಹುಡುಗಿಯರು ಫೋನು ಕೆಳಗಿಟ್ಟು ತಲೆ ಎತ್ತಿದರು, ನೋಡಿ. ಅಷ್ಟರಮಟ್ಟಿಗೆ ಇವತ್ತಿನ ಪ್ರವಚನ ಸಾರ್ಥಕ.

ಆದರೆ ಮಕ್ಕಳೇ, ಇವಳದು ನೀವು ನೋಡುವಂಥ ಸಿನಿಮಾ ಅಲ್ಲ. ಹೀರೋ ಇಲ್ಲ, ಹಾಡಿಲ್ಲ, ಬೆನ್ನ ಹಿಂದೆ ದೊಡ್ಡ ಕಂಪನಿ ಇಲ್ಲ. ತನಗೆ ಕಂಡದ್ದನ್ನು ತನ್ನ ಶಕ್ತಿ ಇದ್ದಷ್ಟರಲ್ಲಿ ತೆಗೆಯುವುದು. ಹೊಟ್ಟೆಪಾಡಿಗೆ ಕಂಡವರ ಮದುವೆಯ ವಿಡಿಯೋ ಮಾಡಿಕೊಡುತ್ತಿದ್ದಳು. ಅವಳನ್ನು ಓದಿಸಿದವಳು ಅಕ್ಕ. ಅಪ್ಪ ಹೋದ ಮೇಲೆ ತಾನು ಶಾಲೆ ಬಿಟ್ಟು, ಮೀನು ಮಾರುಕಟ್ಟೆಯ ಪಕ್ಕ ಸಣ್ಣದೊಂದು ಹೋಟೆಲು ಇಟ್ಟು, ತಂಗಿಯನ್ನು ರಾಜಧಾನಿಗೆ ಕಳಿಸಿದಳು. ತಂಗಿ ಅಲ್ಲಿಯೇ ಉಳಿದಳು. ಊರಿಗೆ ಬರಲು ಪುರುಸೊತ್ತಿಲ್ಲ. ಪುರುಸೊತ್ತು ಯಾರಿಗಿದೆ ಹೇಳಿ?

ಒಂದು ದಿನ ತಂಗಿಗೆ ಹೊಳೆಯಿತು: ಕಥೆಗಾಗಿ ಊರೆಲ್ಲ ಯಾಕೆ ಅಲೆಯಬೇಕು, ಅಕ್ಕನ ಮೇಲೆಯೇ ಸಿನಿಮಾ ಮಾಡೋಣ. ಆ ದೇಶದಲ್ಲಿ ಚಿತ್ರೀಕರಣಕ್ಕೆ ಮುಂಚೆ ಬೇಯಿಸಿದ ಹಂದಿಯ ತಲೆ ಇಟ್ಟು ಅಡ್ಡಬೀಳುತ್ತಾರಂತೆ. ಮೂಗು ಮುರಿಯಬೇಡಿ. ನಾವು ಕ್ಯಾಮೆರಾಕ್ಕೆ ಆರತಿ ಎತ್ತಿ ತೆಂಗಿನಕಾಯಿ ಒಡೆಯುವುದನ್ನು ಕಂಡರೆ ಅವರೂ ನಕ್ಕಾರು. ಆ ತಲೆಯನ್ನು ಬೇಯಿಸಿಕೊಟ್ಟವಳೂ ಅಕ್ಕನೇ.

ಮೊದಲ ದೃಶ್ಯ ಬಹಳ ಸಣ್ಣದು. ತಂಗಿ ಹೋಟೆಲಿನ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾಳೆ, ಅಕ್ಕ ಒಲೆಯ ಮುಂದಿನಿಂದ ತಲೆ ಎತ್ತಿ "ಊಟ ಆಯ್ತೇನೇ?" ಎನ್ನಬೇಕು. ನಮ್ಮ ಹಾಗೆಯೇ ಆ ದೇಶದಲ್ಲೂ ಕಂಡ ಕೂಡಲೇ ಊಟದ ವಿಚಾರ. ಇಷ್ಟೇ ಮಾತು. ಅಕ್ಕನಿಗೆ ಬರಲಿಲ್ಲ! ಒಂದು ಸಲ "ಬಸ್ಸು ಸಿಕ್ತೇನೇ?" ಅಂದಳು. ಇನ್ನೊಂದು ಸಲ ಸೌಟು ಬೀಳಿಸಿದಳು. ಮತ್ತೊಂದು ಸಲ ಮಾತು ಸರಿಯಾಗಿ ಹೇಳಿ, ಕ್ಯಾಮೆರಾ ನೋಡಿ ನಕ್ಕುಬಿಟ್ಟಳು.

ತಂಗಿ ರೇಗಿದಳು. "ಎಷ್ಟು ಸಲ ಹೇಳ್ಬೇಕಕ್ಕಾ? ದಿನಾ ಊರೋರ್ನೆಲ್ಲ ಕೇಳ್ತೀಯ, ನನ್ನೊಬ್ಳನ್ನ ಕೇಳೋಕಾಗಲ್ವಾ?"

"ಕ್ಯಾಮೆರಾ ಕಂಡ್ರೆ ನಾಲಿಗೆ ಹೊರಳಲ್ಲ ಕಣೇ. ನಾಳೆ ನೋಡೋಣ. ಇವತ್ತು ಇಲ್ಲೇ ಮಲ್ಕೋ, ಮೀನಿನ ಸಾರು ಮಾಡಿದೀನಿ."

ಎರಡು ವಾರದ ಕೆಲಸ ನಾಲ್ಕು ವರ್ಷ ಎಳೆಯಿತು. ತಂಗಿ ಬರುವುದು, ಅಕ್ಕ ತಪ್ಪುವುದು, ತಂಗಿ ಮತ್ತೆ ಬರುವುದು. ಕೊನೆಗೆ ಹೇಗೋ ಮುಗಿಯಿತು. ಚಿತ್ರೋತ್ಸವದಲ್ಲಿ ತೋರಿಸಿದರು. ಅಕ್ಕ "ಊಟ ಆಯ್ತೇನೇ" ಎಂದ ಜಾಗದಲ್ಲಿ ಜನ ಅತ್ತರಂತೆ. ಬಹುಮಾನವೂ ಬಂತು. ಒಬ್ಬ ನಿರ್ಮಾಪಕ ಬಂದು, "ಮುಂದಿನದನ್ನೂ ಅಕ್ಕನ ಮೇಲೇ ಮಾಡಿ, ಹಣ ನಾನು ಹಾಕ್ತೀನಿ" ಎಂದ. ಮೊದಲ ಸಿನಿಮಾಕ್ಕೆ ಚಪ್ಪಾಳೆ ಗಿಟ್ಟಿಸಿ, ಎರಡನೆಯದು ಕೈಗೂಡದೆ ಮರೆಯಾದ ಹೆಣ್ಣುಮಕ್ಕಳನ್ನು ತಂಗಿ ಕಣ್ಣಾರೆ ಕಂಡಿದ್ದಳು. ಈ ಅವಕಾಶ ಬಿಟ್ಟರೆ ಮತ್ತೆ ಮದುವೆ ವಿಡಿಯೋನೇ ಗತಿ.

ವಿಷಯ ಹೇಳುವ ಮೊದಲು ಅಕ್ಕನನ್ನು ಒಮ್ಮೆ ನೋಡಬೇಕು ಎನ್ನಿಸಿತು. ಬರಿಗೈಯಲ್ಲಿ ಹೋದಳು. ಅಕ್ಕ ಕಂಡವಳೇ ಒಳಗೆ ಓಡಿ, ತಲೆ ಬಾಚಿ, ಬಟ್ಟೆ ಬದಲಿಸಿ ಬಂದು ಒಲೆಯ ಮುಂದೆ ನೆಟ್ಟಗೆ ನಿಂತಳು. ತಂಗಿಯ ಬೆನ್ನ ಹಿಂದೆ ಇಣುಕಿದಳು.

"ಕ್ಯಾಮೆರಾ ಎಲ್ಲಿ?"

"ತಂದಿಲ್ಲಕ್ಕಾ. ಸುಮ್ನೆ ಬಂದೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಅಕ್ಕ ಗಾಬರಿಯಾದಳು. "ಮೈಗೆ ಹುಷಾರಿಲ್ವಾ? ಯಾರ ಹತ್ರ ಜಗಳ ಆಡಿದೆ? ಏನಾಯ್ತು ಹೇಳೇ!"

"ಏನೂ ಆಗಿಲ್ಲ. ಊಟ ಆಯ್ತಾ ಅಂತ ಕೇಳಲ್ವಾ?"

"ಅದು ಸಿನಿಮಾದ ಮಾತಲ್ವೇನೇ? ಸರಿಯಾಗಿ ಹೇಳಿದೆ, ಮುಗೀತಲ್ಲ." ಅಕ್ಕ ಸೌಟು ಹಿಡಿದುಕೊಂಡು ನಿಂತಳು. "ನಂಗೆ ಬರ್ತಿರ್ಲಿಲ್ಲ ಅಂದ್ಕೊಂಡ್ಯಾ? ಮೊದಲ ದಿನಾನೇ ಬರ್ತಿತ್ತು. ಸರಿಯಾಗಿ ಹೇಳಿದ್ರೆ ನೀನು ಗಂಟುಮೂಟೆ ಕಟ್ತಿದ್ದೆ."

ತಂಗಿ ನಿರ್ಮಾಪಕನ ವಿಷಯ ಹೇಳಿಬಿಟ್ಟಳು. ಅಕ್ಕನ ಮುಖ ಅರಳಿತು. "ಒಪ್ಕೊಳ್ಳೇ! ಈ ಸಲ ಇನ್ನೂ ಜಾಸ್ತಿ ತಪ್ಪು ಮಾಡ್ತೀನಿ!"

ನೋಡಿ, ಛಲ ಬೇಕು, ಹಿಡಿದ ಕೆಲಸ ಬಿಡಬಾರದು ಎನ್ನುವುದಕ್ಕೆ ದೃಷ್ಟಾಂತವಾಗಿ ಈ ಕಥೆ ಹೇಳೋಣವೆಂದು ನಾನು ಕೂತೆ. ಹೇಳುತ್ತ ಹೇಳುತ್ತ ಕಥೆ ನನ್ನ ಕೈತಪ್ಪಿತು. ಆ ತಂಗಿ ಏನು ಮಾಡಬೇಕು? ಒಪ್ಪಿಕೊಂಡರೆ ಅಕ್ಕನಿಗೆ ಸಂತೋಷ, ಆದರೆ ತಂಗಿ ಬಂದದ್ದು ತನಗಾಗಿಯೋ ಸಿನಿಮಾಕ್ಕಾಗಿಯೋ ಎಂಬುದು ಅಕ್ಕನಿಗೆ ಎಂದೂ ತಿಳಿಯುವುದಿಲ್ಲ. ತಂಗಿಗೇ ತಿಳಿಯದೆ ಹೋದೀತು. ಬೇಡವೆಂದರೆ ಅವಳ ಕಸುಬು ಹೋಯಿತು, ಮೇಲೆ ಅಕ್ಕನಿಗೂ ನಿರಾಸೆ. ಮುಂದಿನ ಸಾಲಿನಿಂದ ಹಾಲಪ್ಪನವರು ಕೇಳುತ್ತಿದ್ದಾರೆ, "ಸ್ವಾಮೇರೇ, ಕೊನೆಗೆ ಮಾಡಿದ್ಲಾ, ಇಲ್ವಾ?" ಗೊತ್ತಿಲ್ಲ ಹಾಲಪ್ಪನವರೇ. ನಿಜವಾಗಿ ಗೊತ್ತಿಲ್ಲ. ಎರಡು ದಿನದಿಂದ ನನಗೂ ಇದೇ ಗೊಂದಲ. ಗೊತ್ತಿದ್ದವರ ಹಾಗೆ ನಟಿಸಿದರೆ ಈ ಪೀಠಕ್ಕೆ ಮರ್ಯಾದೆಯಲ್ಲ.

ನಿಮ್ಮ ಕೈಯಲ್ಲಿ ಕ್ಯಾಮೆರಾ ಇಲ್ಲ, ಸರಿ. ಲಗ್ನಪತ್ರಿಕೆ ಇದೆಯಲ್ಲ? ಸಹಿ ಬೇಕಾದ ಕಾಗದ ಇದೆಯಲ್ಲ? ಅವು ಯಾವುದೂ ಇಲ್ಲದೆ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತಿ ಎಷ್ಟು ಕಾಲವಾಯಿತು? ತಮ್ಮ ಫೋನು ಮಾಡಿದರೆ "ಏನ್ ವಿಷಯ?" ಎನ್ನುತ್ತೀರಿ. ವಿಷಯವಿಲ್ಲದೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಕರೆಯಬಾರದೇ? ನಿಮ್ಮವರು ನಿಮಗಾಗಿ ಯಾವ ಸೌಟು ಬೀಳಿಸುತ್ತಿದ್ದಾರೋ, ನೋಡಿದ್ದೀರಾ? ನಿಮ್ಮನ್ನು ಕರೆಸಿಕೊಳ್ಳಲು ಅವರಿಗೆ ಅದೇ ಕಾಯಿಲೆ, ಅದೇ ಜಗಳ, ಅದೇ ನಲ್ಲಿ ರಿಪೇರಿ. ನೀವು ರೇಗುತ್ತೀರಿ.

ಈ ವಾರ ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಿ. ಯಾಕೆ ಬಂದಿರಿ ಎನ್ನುತ್ತಾರೆ. ಸುಮ್ಮನೆ ಎನ್ನಿ. ನಂಬುವುದಿಲ್ಲ. ಕಾಫಿ ಕೊಟ್ಟು ಕಾಯುತ್ತಾರೆ, ಈಗ ಬಾಯಿ ಬಿಡುತ್ತಾನೆ, ಈಗ ಏನೋ ಕೇಳುತ್ತಾನೆ ಎಂದು. ಏನೂ ಕೇಳಬೇಡಿ. ಕಾಫಿ ಕುಡಿದು ಎದ್ದು ಬನ್ನಿ. ಮುಂದಿನ ವಾರ ಮತ್ತೆ ಹೋಗಿ. ಎಷ್ಟು ಸಲ ಹೋದರೆ ನಂಬುತ್ತಾರೆ ಎಂದು ನನ್ನನ್ನು ಕೇಳಬೇಡಿ. ನಂಬಿಕೆ ಹೋಗಲು ಎಷ್ಟು ವರ್ಷ ಹಿಡಿಯಿತೋ ಅಷ್ಟು ವರ್ಷ ಹೋಗಿ.